ಮೋಟರ್‌ಹೋಮ್ ಡಿಕ್ಕಿಯ ಚಿಲಕ: ಗಿಂಡಿಯ ನೆಲೆಯಿಂದ ಒಂದು ಸಮೀಕ್ಷೆ

ಮಲಗುವ ಮಂಚ, ಅಡುಗೆಯ ಒಲೆ, ಶೌಚಾಲಯ, ನೀರಿನ ಟ್ಯಾಂಕು ಎಲ್ಲವನ್ನೂ ಒಡಲಲ್ಲಿ ಹೊತ್ತು ತನ್ನದೇ ಎಂಜಿನ್ನಿನ ಬಲದಿಂದ ಓಡುವ ವಾಹನ ಮೋಟರ್‌ಹೋಮ್. ಭಾರತದಲ್ಲಿ ಇದಕ್ಕೆ ಕ್ಯಾರವಾನ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಸಿನಿಮಾ ನಟನಟಿಯರು ಚಿತ್ರೀಕರಣದ ಬಿಡುವಿನಲ್ಲಿ ಕೂರುವ ವಾಹನವನ್ನೂ ಹಾಗೆಯೇ ಕರೆಯುತ್ತಾರೆ. ಇಂಥ ವಾಹನದ ನೆಲದ ಕೆಳಗೆ ಎರಡೂ ಮಗ್ಗುಲಲ್ಲಿ, ಕೆಲವೊಮ್ಮೆ ಹಿಂಬದಿಯಲ್ಲೂ, ಹೊರಗಿನಿಂದ ತೆರೆಯುವ ಖಾನೆಗಳಿರುತ್ತವೆ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ನೀರಿನ ಪೈಪು, ಜಾಕ್, ಮಡಚುವ ಕುರ್ಚಿ, ಹಾಸಿಗೆಯ ಗಂಟು ಎಲ್ಲಕ್ಕೂ ಅಲ್ಲಿಯೇ ಜಾಗ. ಬಸ್ಸಿನವರ ಮಾತಿನಲ್ಲಿ ಇದು ಡಿಕ್ಕಿ.

ಡಿಕ್ಕಿಯ ಬಾಗಿಲನ್ನು ಹಿಡಿದಿಡುವ ಚಿಲಕ ಇಡೀ ವಾಹನದಲ್ಲಿ ಅತಿ ಅಗ್ಗದ ಭಾಗಗಳಲ್ಲೊಂದು. ಹಾಗಿದ್ದೂ ಓಡುವ ವಾಹನದಲ್ಲಿ ಅದು ಬಿಟ್ಟುಕೊಂಡರೆ ಬಾಗಿಲು ಪಕ್ಕದ ಸ್ಕೂಟರ್ ಸವಾರನಿಗೆ ಬಡಿಯಬಹುದು, ಒಳಗಿನ ಸಾಮಾನು ಹೆದ್ದಾರಿಯ ಮೇಲೆ ಚೆಲ್ಲಬಹುದು. ಬಿಟ್ಟುಕೊಳ್ಳದೆ ಕಚ್ಚಿಕೊಂಡರೆ ಗ್ಯಾಸ್ ವಾಲ್ವು, ಬ್ಯಾಟರಿ ಸ್ವಿಚ್ಚು ಕೈಗೆ ಸಿಗುವುದಿಲ್ಲ. ಅನುಭವಿ ಮೆಕ್ಯಾನಿಕ್ಕುಗಳು ಬಲ್ಲ ಸಂಗತಿ ಒಂದಿದೆ: ಕೆಟ್ಟ ಚಿಲಕದ ಹಿಂದೆ ಬಹುಪಾಲು ಸಲ ಕೆಟ್ಟ ಬಾಗಿಲು ಇರುತ್ತದೆ. ಬಾಗಿಲನ್ನು ನೋಡದೆ ಚಿಲಕ ಬದಲಿಸಿದರೆ ಹೊಸದೂ ಅದೇ ಜಾಗದಲ್ಲಿ ಮುರಿಯುತ್ತದೆ.

ಗಿಂಡಿಯ ಹಿನ್ನೆಲೆ

ಬೆಂಗಳೂರಿಗೆ ಪೀಣ್ಯ ಹೇಗೋ ಚೆನ್ನೈಗೆ ಗಿಂಡಿ ಹಾಗೆ. ವಯಸ್ಸಿನಲ್ಲಿ ಮಾತ್ರ ಗಿಂಡಿ ದೊಡ್ಡದು. ಕಾಮರಾಜರು ಮುಖ್ಯಮಂತ್ರಿಯಾಗಿ, ಮುಂದೆ ರಾಷ್ಟ್ರಪತಿಯಾದ ಆರ್. ವೆಂಕಟರಾಮನ್ ಕೈಗಾರಿಕಾ ಸಚಿವರಾಗಿ ಇದ್ದ ಕಾಲದಲ್ಲಿ, 1958ರಲ್ಲಿ, ಇಲ್ಲಿ ಕೈಗಾರಿಕಾ ವಸಾಹತು ತೆರೆಯಿತು. ದೇಶದ ಮೊದಮೊದಲ ಇಂಥ ವಸಾಹತುಗಳಲ್ಲಿ ಇದೂ ಒಂದು. ಲೇತ್, ಅಚ್ಚು ಕೆಲಸ, ಡೈ ಕಾಸ್ಟಿಂಗ್, ರಬ್ಬರ್, ಎಲೆಕ್ಟ್ರೋಪ್ಲೇಟಿಂಗ್ ಮುಂತಾದ ಸಣ್ಣ ಉದ್ದಿಮೆಗಳು ಇಲ್ಲಿ ಒಂದರ ಪಕ್ಕ ಒಂದು ಬೆಳೆದವು. ಈಚೆಗೆ ಐಟಿ ಕಟ್ಟಡಗಳು ಎದ್ದು ಹಳೆಯ ಶೆಡ್ಡುಗಳು ಕಡಿಮೆಯಾಗಿದ್ದರೂ, ಮುರಿದ ಲೋಹದ ತುಂಡೊಂದನ್ನು ಹಿಡಿದು ಹೋದರೆ ಅದರಂತೆಯೇ ಇನ್ನೊಂದನ್ನು ಮಾಡಿಕೊಡುವ ಕೈಗಳು ಪಕ್ಕದ ಎಕ್ಕಾಟ್ಟುತ್ತಾಂಗಲ್‌ವರೆಗಿನ ಗಲ್ಲಿಗಳಲ್ಲಿ ಇನ್ನೂ ಇವೆ. 1794ರಲ್ಲಿ ಸರ್ವೇ ಶಾಲೆಯಾಗಿ ಹುಟ್ಟಿದ ಎಂಜಿನಿಯರಿಂಗ್ ಕಾಲೇಜು, ಪ್ಲಾಸ್ಟಿಕ್ ತಂತ್ರಜ್ಞಾನಕ್ಕೆಂದು 1968ರಲ್ಲಿ ಸ್ಥಾಪನೆಯಾದ ಕೇಂದ್ರ ಸಂಸ್ಥೆ ಸಿಪೆಟ್, ಅಶೋಕ್ ಲೇಲ್ಯಾಂಡ್ ಕಂಪನಿಯ ಪ್ರಧಾನ ಕಚೇರಿ, ಇವೆಲ್ಲ ಇರುವುದೂ ಗಿಂಡಿಯಲ್ಲೇ.

ಭೂಗೋಳವೂ ಅನುಕೂಲವಾಗಿದೆ. ಬೆಂಗಳೂರಿನಿಂದ ಸುಮಾರು 350 ಕಿ.ಮೀ. ಓಡಿ ಪೂನಮಲ್ಲಿ ಮಾರ್ಗವಾಗಿ ಬರುವ ವಾಹನ ಕತ್ತಿಪಾರ ವೃತ್ತದಲ್ಲಿ ಗಿಂಡಿಯನ್ನು ಮುಟ್ಟುತ್ತದೆ. 2008ರಲ್ಲಿ ತೆರೆದ ಅಲ್ಲಿನ ಎಲೆಯಾಕಾರದ ಮೇಲ್ಸೇತುವೆಯಿಂದ ಒಂದು ದಾರಿ ತಾಂಬರಂ ಕಡೆಗೆ, ಒಂದು ಮೌಂಟ್ ರೋಡಿಗೆ, ಇನ್ನೊಂದು ಅಶೋಕ ನಗರ, ವಡಪಳನಿಯ ಸಿನಿಮಾ ಕೇರಿಗಳಿಗೆ ಹೋಗುತ್ತದೆ. ಮಹಾಬಲಿಪುರ, ಪುದುಚೇರಿಯ ಕಡಲದಾರಿ ಹಿಡಿಯುವ ಕನ್ನಡಿಗರ ಕ್ಯಾರವಾನುಗಳಾಗಲಿ, ಚಿತ್ರೀಕರಣಕ್ಕೆ ಹೊರಟ ಕ್ಯಾರವಾನುಗಳಾಗಲಿ ಈ ವೃತ್ತವನ್ನು ತಪ್ಪಿಸಿಕೊಳ್ಳುವುದು ಕಷ್ಟ. ಡಿಕ್ಕಿ, ಲಾಕ್, ಬೀಡಿಂಗ್ ಮುಂತಾದ ಮಾತುಗಳು ತಮಿಳಿನವರಿಗೂ ನಮಗೂ ಒಂದೇ ಆದ್ದರಿಂದ ಭಾಷೆ ಬಾರದವರೂ ಇಲ್ಲಿ ಕೆಲಸ ಮಾಡಿಸಿಕೊಳ್ಳಬಹುದು.

ಪಾರ್ಟ್ ನಂಬರ್ ಇಲ್ಲದ ಬಿಡಿಭಾಗ

ಅಮೆರಿಕ, ಯೂರೋಪುಗಳಲ್ಲಿ ಮೋಟರ್‌ಹೋಮ್ ಒಂದು ಸ್ಥಿರಪಟ್ಟ ಉದ್ಯಮ. ಅಲ್ಲಿ ಚಿಲಕ ಮುರಿದರೆ ಮಾದರಿ ಸಂಖ್ಯೆ ಹೇಳಿ ಅಂಗಡಿಯಿಂದ ತರಿಸಿಕೊಳ್ಳುತ್ತಾರೆ. ಇಲ್ಲಿ ಕತೆ ಬೇರೆ. ಭಾರತದ ಬಸ್ಸು ಬಹುಕಾಲ ಎರಡು ಕಡೆ ಹುಟ್ಟುತ್ತಿತ್ತು. 1948ರಲ್ಲಿ ಅಶೋಕ್ ಮೋಟರ್ಸ್ ಆಗಿ ಆರಂಭವಾಗಿ 1955ರಲ್ಲಿ ಹೆಸರು ಬದಲಿಸಿಕೊಂಡ ಅಶೋಕ್ ಲೇಲ್ಯಾಂಡ್‌ನಂಥ ಕಂಪನಿ ಎಂಜಿನ್ನು, ಚಕ್ರ, ಚಾಸಿ ಕೊಡುತ್ತಿತ್ತು. ಬರೀ ಚಾಸಿಯನ್ನು ಚಾಲಕ ಬಿಸಿಲಲ್ಲಿ ಓಡಿಸಿಕೊಂಡು ಬಾಡಿ ಕಟ್ಟುವವರ ಬಳಿಗೆ ಒಯ್ಯುವುದನ್ನು ಹೆದ್ದಾರಿಯಲ್ಲಿ ನೋಡದವರಿಲ್ಲ. ತಮಿಳುನಾಡಿನಲ್ಲಿ ಕರೂರು ಬಸ್ ಬಾಡಿ ಕಟ್ಟುವುದಕ್ಕೆ ಹೆಸರಾದ ಊರು. ಕರ್ನಾಟಕದಲ್ಲಿ ಖಾಸಗಿಯವರಲ್ಲದೆ ಕೆಎಸ್‌ಆರ್‌ಟಿಸಿ ಕೂಡ ಕೆಂಗೇರಿ, ಹಾಸನದ ತನ್ನ ಕಾರ್ಯಾಗಾರಗಳಲ್ಲಿ ಬಾಡಿ ಕಟ್ಟಿಕೊಂಡಿದೆ.

ಡಿಕ್ಕಿಯ ಬಾಗಿಲು ಬಾಡಿಯ ಭಾಗ. ಹೀಗಾಗಿ ಅದರ ಚಿಲಕ ಚಾಸಿ ಕಂಪನಿಯ ಬಿಡಿಭಾಗಗಳ ಪುಸ್ತಕದಲ್ಲಿ ಸಿಗುವುದಿಲ್ಲ. ಬಾಡಿ ಕಟ್ಟಿದವರು ಆ ವರ್ಷ ಯಾವ ಅಂಗಡಿಯಿಂದ ಯಾವ ಲಾಕ್ ತಂದಿದ್ದರೋ ಅದೇ. ಒಂದೇ ಕೈಯಲ್ಲಿ ಕಟ್ಟಿದ ಎರಡು ವಾಹನಗಳಲ್ಲಿ ಎರಡು ಬಗೆಯ ಚಿಲಕ ಇದ್ದರೂ ಅಚ್ಚರಿಯಿಲ್ಲ. 2001ರಲ್ಲಿ ವೋಲ್ವೋ ಬಿ7ಆರ್ ನಮ್ಮ ರಸ್ತೆಗಿಳಿದ ಮೇಲೆ ಎತ್ತರದ ನೆಲ, ಅದರಡಿಯ ವಿಶಾಲ ಡಿಕ್ಕಿ, ಬಾಡಿಗೆ ಸಮಾನಾಂತರವಾಗಿ ಹೊರಬಂದು ಮೇಲೇಳುವ ಬಾಗಿಲು ಜನಪ್ರಿಯವಾದವು. ಆ ಬಾಗಿಲುಗಳ ಚಿಲಕದ ಮಾದರಿಗಳು ಕ್ಯಾರವಾನ್ ಕಟ್ಟುವವರ ಕೈಗೂ ಬಂದವು.

ವಾಸಯೋಗ್ಯ ವಾಹನ ನಮಗೆ ತೀರ ಹೊಸದಲ್ಲ. 1982ರಲ್ಲಿ ತೆಲುಗು ನಟ, ರಾಜಕಾರಣಿ ಎನ್.ಟಿ. ರಾಮರಾವ್ ಹಳೆಯ ಷೆವರ್ಲೆ ವ್ಯಾನೊಂದನ್ನು ಚೈತನ್ಯ ರಥವಾಗಿಸಿ, ಮಗ ಹರಿಕೃಷ್ಣ ಚಾಲಕನಾಗಿ, ಅದರಲ್ಲೇ ಉಂಡು ಮಲಗಿ ಆಂಧ್ರವನ್ನೆಲ್ಲ ಸುತ್ತಿದ್ದರು. ಆದರೆ ಪ್ರವಾಸಕ್ಕಾಗಿಯೇ ಮಾಡಿದ ಕ್ಯಾರವಾನಿಗೆ ಸರಕಾರಗಳ ಬೆಂಬಲ ಸಿಕ್ಕಿದ್ದು ಈಚೆಗೆ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸ ನೀತಿ ತಂದಿತು; ಕರ್ನಾಟಕದ 2020ರ ಪ್ರವಾಸೋದ್ಯಮ ನೀತಿಯಲ್ಲೂ ಅದಕ್ಕೆ ಜಾಗವಿತ್ತು. 2022ರಲ್ಲಿ ಮಹೀಂದ್ರಾ ಕಂಪನಿ, ಗಿಂಡಿಯ ನೆರೆಯ ಐಐಟಿ ಮದ್ರಾಸ್‌ನ ಆಸರೆಯಲ್ಲಿ ಬೆಳೆದ ಕ್ಯಾಂಪರ್‌ವ್ಯಾನ್ ಫ್ಯಾಕ್ಟರಿ ಎಂಬ ಸಂಸ್ಥೆಯೊಂದಿಗೆ ಕೈಜೋಡಿಸಿ, ಬೊಲೆರೊ ಪಿಕಪ್ ಮೇಲೆ ನಾಲ್ವರು ಮಲಗಬಹುದಾದ ಅಗ್ಗದ ಕ್ಯಾಂಪರ್ ತರುವುದಾಗಿ ಪ್ರಕಟಿಸಿತು.

ಇಂಥ ವಾಹನಗಳ ಅನುಮೋದನೆಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಬಸ್ ಬಾಡಿಗೆ ಎಐಎಸ್-052. ಚಿಲಕದ ವಿಷಯದಲ್ಲಿ ಇವೆರಡಕ್ಕಿಂತ ಅಡಕವಾಗಿ ಮಾತಾಡುವುದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 128ನೇ ನಿಯಮ. ಪ್ರವಾಸಿ ವಾಹನದ ಸಾಮಾನು ಖಾನೆ ಗಡಗಡ ಸದ್ದು ಮಾಡಬಾರದು, ಧೂಳು ಒಳಗೆ ಬಿಡಬಾರದು, ನೀರು ಒಳಗೆ ಬಿಡಬಾರದು ಎನ್ನುತ್ತದೆ ಅದು. ಒಳ್ಳೆಯ ಚಿಲಕ ಮಾಡಬೇಕಾದ ಕೆಲಸ ಇಷ್ಟೇ, ಇನ್ನೂ ಒಂದೇ ಒಂದನ್ನು ಸೇರಿಸಬಹುದು: ಕಳ್ಳನನ್ನೂ ಬಿಡಬಾರದು. ಸಾಮಾನ್ಯ ಡಿಕ್ಕಿ ಲಾಕ್ ಈ ಕೊನೆಯ ಕೆಲಸದಲ್ಲಿ ಅಷ್ಟಕ್ಕಷ್ಟೆ.

ಬಗೆಗಳು

ಅತಿ ಸರಳವಾದದ್ದು ಕ್ಯಾಮ್ ಲಾಕ್. ಕೀಲಿ ತಿರುಗಿಸಿದರೆ ಹಿಂದಿನ ಲೋಹದ ಪಟ್ಟಿ ಕಾಲು ಸುತ್ತು ತಿರುಗಿ ಚೌಕಟ್ಟಿನ ಹಿಂದೆ ಸಿಕ್ಕಿಕೊಳ್ಳುತ್ತದೆ. ಸಾಮಾನ್ಯವಾಗಿ 19 ಮಿ.ಮೀ. ತೂತು ಸಾಕು. ಆಫೀಸಿನ ಮೇಜಿನ ಡ್ರಾಯರಿನಲ್ಲಿರುವುದೂ ಇದೇ ಜಾತಿ, ಅದೇ ಇದರ ದೌರ್ಬಲ್ಯ. ಡ್ರಾಯರು ರಸ್ತೆಯ ಹಂಪುಗಳ ಮೇಲೆ ಕುಣಿಯುವುದಿಲ್ಲ. ಸಣ್ಣ ಖಾನೆಗೆ ಇದು ಸರಿ, ಮೀಟರಗಲದ ಬಾಗಿಲಿಗೆ ಸಲ್ಲದು.

ಎರಡನೆಯದು ಪ್ಯಾಡಲ್ ಲಾಕ್. ಬಾಗಿಲಿನ ಮೈಗೆ ತಟ್ಟೆಯಂತೆ ಕೂತಿರುತ್ತದೆ. ಬೆರಳು ತೂರಿಸಿ ರೆಕ್ಕೆಯನ್ನು ಎಳೆದರೆ ಒಳಗಿನ ನಾಲಿಗೆ ಹಿಂದೆ ಸರಿಯುತ್ತದೆ. ನಾಲಿಗೆಯ ತುದಿ ಓರೆಯಾಗಿರುವುದರಿಂದ ಬಾಗಿಲನ್ನು ತಳ್ಳಿದರೇ ಸಾಕು, ತಾನಾಗಿ ಬೀಳುತ್ತದೆ. ದೊಡ್ಡ ಬಾಗಿಲುಗಳಲ್ಲಿ ನಾಲಿಗೆಯ ಬದಲು ತಿರುಗುವ ಕೊಕ್ಕೆ ಇರುತ್ತದೆ. ಚೌಕಟ್ಟಿನ ದುಂಡು ಪಿನ್ನು, ಅಂದರೆ ಸ್ಟ್ರೈಕರ್, ಒಳನುಗ್ಗಿದಾಗ ಕೊಕ್ಕೆ ತಿರುಗಿ ಅದನ್ನು ಅಪ್ಪಿಕೊಳ್ಳುತ್ತದೆ. ಕಾರಿನ ಬಾಗಿಲಿನಲ್ಲಿರುವಂತೆ ಇದಕ್ಕೂ ಸಾಮಾನ್ಯವಾಗಿ ಎರಡು ಹಂತ. ಮೊದಲ ಹಂತದಲ್ಲೇ ನಿಂತ ಬಾಗಿಲು ಹೊರಗಿನಿಂದ ಮುಚ್ಚಿದಂತೆಯೇ ಕಾಣುತ್ತದೆ. ಹೆದ್ದಾರಿಯಲ್ಲಿ ತೆರೆದುಕೊಳ್ಳುವ ಬಾಗಿಲುಗಳಲ್ಲಿ ಇಂಥವು ಕಡಿಮೆಯಲ್ಲ. ಬಾಗಿಲು ಬಹಳ ಅಗಲವಾದರೆ ನಡುವಿನ ಒಂದೇ ಹಿಡಿಯಿಂದ ಎರಡು ತುದಿಗಳ ಕೊಕ್ಕೆಗಳಿಗೆ ಸರಳು ಅಥವಾ ಕೇಬಲ್ ಎಳೆದಿರುತ್ತಾರೆ.

ಮೂರನೆಯದು ಒತ್ತಿ ಎಳೆಯುವ ಲಾಕ್. ಹಿಡಿ ತಿರುಗಿಸಿದಾಗ ಪಟ್ಟಿ ಅಡ್ಡವಾಗುವುದಷ್ಟೇ ಅಲ್ಲ, ಬಾಗಿಲನ್ನು ಒಳಕ್ಕೆ ಜಗ್ಗಿ ರಬ್ಬರ್ ಬೀಡಿಂಗ್ ಮೇಲೆ ಒತ್ತುತ್ತದೆ. ಧೂಳು, ನೀರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ, ಬೆಲೆ ಹೆಚ್ಚು. ಇವಲ್ಲದೆ ಬಸ್ಸಿನ ಫ್ಲಾಪುಗಳಿಗೆ ಹಾಕುವ, ಚೌಕ ಬಾಯಿಯ ಟೀ-ಕೀಲಿಯಿಂದ ತೆರೆಯುವ ಲಾಕುಗಳೂ ಇವೆ. ಕ್ಯಾರವಾನಿಗೆ ಬಂದಾಗ ಅನೇಕರು ಇವನ್ನು ಕೀಳಾಗಿ ನೋಡುತ್ತಾರೆ. ಅದು ನ್ಯಾಯವಲ್ಲ. ದಿನಕ್ಕೆ ಹತ್ತಾರು ಸಲ ತೆರೆದು ಬಡಿದು ಮುಚ್ಚುವ ಬಸ್ಸಿನಲ್ಲಿ ಬಾಳುವ ಲಾಕ್, ವಾರಾಂತ್ಯಕ್ಕೆ ಹೊರಡುವ ಕ್ಯಾರವಾನಿನಲ್ಲಿ ಧಾರಾಳವಾಗಿ ಬಾಳುತ್ತದೆ. ಒಳಗಿನ ಕಪಾಟುಗಳ ಒತ್ತುಗುಂಡಿ ಲಾಕುಗಳ ವಿಷಯ ಬೇರೆ. ಅವು ಮರಗೆಲಸದವರ ಪಾಲು.

ಕೆಡುವ ಬಗೆ

ಮುರಿದ ಪ್ಯಾಡಲ್ ಲಾಕ್ ಒಂದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಹೊಳೆಯುವ ಕ್ರೋಮಿಯಂ ಪದರದ ಕೆಳಗೆ ಮುರಿದ ಅಂಚು ಬೂದು ಬಣ್ಣಕ್ಕೆ, ಸಕ್ಕರೆ ಹರಳಿನಂತೆ ತರಿತರಿಯಾಗಿ ಕಾಣುತ್ತದೆ. ಅದು ಉಕ್ಕಲ್ಲ, ಸತುವಿನ ಎರಕ. ಸುಮಾರು ಶೇ 4ರಷ್ಟು ಅಲ್ಯುಮಿನಿಯಂ ಬೆರೆಸಿದ ಜಮಾಕ್ ಎಂಬ ಈ ಮಿಶ್ರಲೋಹವನ್ನು 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಜಿಂಕ್ ಕಂಪನಿ ರೂಪಿಸಿತು. ಕಡಿಮೆ ಶಾಖಕ್ಕೆ ಕರಗುತ್ತದೆ, ಅಚ್ಚಿನ ಸಣ್ಣ ಮೂಲೆಗೂ ಹರಿಯುತ್ತದೆ, ಮೇಲೆ ಕ್ರೋಮಿಯಂ ಚೆನ್ನಾಗಿ ಕೂರುತ್ತದೆ. ಶುದ್ಧ ಸತುವಿನಿಂದ ಮಾಡಿದರೆ ದಶಕಗಳು ಬಾಳುತ್ತದೆ. ಆದರೆ ಗುಜರಿ ಲೋಹ ಕರಗಿಸಿ ಎರಕ ಹೊಯ್ದಾಗ ಸೀಸ, ತವರದ ಅಂಶ ಸೇರಿಬಿಟ್ಟರೆ ಲೋಹದ ಹರಳುಗಳ ನಡುವೆ ಒಳಗೊಳಗೇ ಸವೆತ ಹುಟ್ಟುತ್ತದೆ. ಬೆಚ್ಚಗಿನ ತೇವದ ಗಾಳಿ ಅದಕ್ಕೆ ಹೇಳಿ ಮಾಡಿಸಿದ ಹವೆ, ಚೆನ್ನೈನಲ್ಲಿ ಅದು ವರ್ಷವಿಡೀ ಸಿಗುತ್ತದೆ. ಲಾಕ್ ಉಬ್ಬುತ್ತದೆ, ಬಿರುಕು ಬಿಡುತ್ತದೆ, ಒಂದು ದಿನ ರೆಕ್ಕೆ ಕೈಗೇ ಬರುತ್ತದೆ.

ಅದೇ ಚೂರಿನ ಇನ್ನೊಂದು ಜಾಗ ನೋಡಿ. ನಾಲಿಗೆಯ ಒಂದು ಅಂಚಿನಲ್ಲಿ ಮಾತ್ರ ಲೇಪ ಸವೆದು ಬೆಳ್ಳಗೆ ಮಿನುಗುವ ಗೆರೆ ಇದ್ದು, ಇನ್ನೊಂದು ಅಂಚು ಹೊಸದರಂತಿದ್ದರೆ, ಆ ಬಾಗಿಲು ಜೋತು ಬಿದ್ದಿದೆ ಅಥವಾ ಚೌಕಟ್ಟು ಸರಿದಿದೆ ಎಂದರ್ಥ. ನಾಲಿಗೆ ಸ್ಟ್ರೈಕರಿನ ನಡುವೆ ಕೂರದೆ ಒಂದು ಅಂಚಿಗೆ ಉಜ್ಜಿಕೊಂಡೇ ಒಳಹೋಗುತ್ತಿತ್ತು. ಮುಚ್ಚಲು ಜೋರಾಗಿ ಬಡಿಯಬೇಕಾಗುತ್ತಿತ್ತು. ಆ ಬಡಿತವೇ ಲಾಕನ್ನು ಕೊಂದಿದೆ.

ಬಾಗಿಲು ಜೋತು ಬೀಳಲು ಕಾರಣ ಹಲವು. ಉದ್ದದ ಪಿಯಾನೋ ಹಿಂಜಿನ ರಿವೆಟ್‌ಗಳು ಸಡಿಲವಾಗಬಹುದು. ಪ್ಲೈವುಡ್ ಅಥವಾ ಫೋಮ್ ತುಂಬಿದ ಬಾಗಿಲಿನೊಳಗೆ ಲಾಕಿನ ತೂತಿನಿಂದಲೇ ನೀರು ಇಳಿದು ಮರ ಉಬ್ಬಬಹುದು. ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಶಾಕ್ ಒಂದು ಕಡೆ ಸತ್ತು ಇನ್ನೊಂದು ಕಡೆ ಮಾತ್ರ ಒತ್ತುತ್ತಿದ್ದರೆ ಬಾಗಿಲು ತಿರುಚಿಕೊಳ್ಳುತ್ತದೆ. ವಾಹನವನ್ನು ಏರುಪೇರು ನೆಲದಲ್ಲಿ, ಒಂದು ಚಕ್ರ ಹಳ್ಳಕ್ಕೆ ಬೀಳುವಂತೆ ನಿಲ್ಲಿಸಿದಾಗ ಇಡೀ ಬಾಡಿಯೇ ಸ್ವಲ್ಪ ತಿರುಚುತ್ತದೆ, ಬಾಗಿಲು ಕೂರುವ ಚೌಕಟ್ಟು ಓರೆಯಾಗುತ್ತದೆ. ಸಮತಟ್ಟಿನಲ್ಲಿ ಸಲೀಸಾಗಿ ತೆರೆಯುತ್ತಿದ್ದ ಲಾಕ್ ಅಲ್ಲಿ ಕಚ್ಚಿಕೊಂಡರೆ ಹಿಡಿಯನ್ನು ಬಲವಂತ ಮಾಡಬೇಡಿ. ವಾಹನವನ್ನು ನಾಲ್ಕಡಿ ಮುಂದಕ್ಕೆ ತನ್ನಿ. ಎಷ್ಟೋ ಸಲ ರಿಪೇರಿ ಅಷ್ಟಕ್ಕೇ ಮುಗಿಯುತ್ತದೆ.

ಇನ್ನೊಂದು ಕಾರಣವನ್ನು ಮಾಲೀಕರು ಒಪ್ಪಿಕೊಳ್ಳುವುದಿಲ್ಲ: ತುರುಕುವುದು. ನೀರಿನ ಕ್ಯಾನು, ಕುರ್ಚಿಗಳು ಬಾಗಿಲಿಗೆ ಒರಗಿದ್ದರೆ ತಿರುವಿನಲ್ಲಿ ಅವುಗಳ ಭಾರವೆಲ್ಲ ಆ ಒಂದು ನಾಲಿಗೆಯ ಮೇಲೆ ಬೀಳುತ್ತದೆ. ಚಿಲಕ ಇರುವುದು ಬಾಗಿಲನ್ನು ಹಿಡಿಯಲು, ಸಾಮಾನನ್ನು ಹಿಡಿಯಲು ಅಲ್ಲ. ಖಾನೆಯೊಳಗೆ ಎರಡು ಕೊಂಡಿ, ಒಂದು ಪಟ್ಟಿ ಹಾಕಿಸಿದರೆ ಲಾಕಿನ ಆಯಸ್ಸು ಹೆಚ್ಚುತ್ತದೆ.

ಕಡಲ ಉಪ್ಪಿನ ಪಾತ್ರವನ್ನು ಬೆಂಗಳೂರಿನವರು ಅಂದಾಜು ಮಾಡುವುದು ಕಡಿಮೆ. ಅಲ್ಯುಮಿನಿಯಂ ತಗಡಿಗೆ ಉಕ್ಕಿನ ಸ್ಕ್ರೂ ಹಾಕಿದ ಕಡೆ ಉಪ್ಪಿನ ತೇವ ಸೇರಿದರೆ ಎರಡು ಲೋಹಗಳ ನಡುವೆ ಬ್ಯಾಟರಿಯಲ್ಲಿ ಆಗುವ ಕ್ರಿಯೆಯೇ ನಡೆದು ಅಲ್ಯುಮಿನಿಯಂ ಬಿಳಿ ಪುಡಿಯಾಗುತ್ತದೆ. ಸ್ಕ್ರೂ ಗಟ್ಟಿಯಾಗಿಯೇ ಇರುತ್ತದೆ, ಅದರ ಸುತ್ತಲ ತಗಡು ಮಾತ್ರ ಕರಗಿರುತ್ತದೆ. ಸ್ಟೇನ್‌ಲೆಸ್ ಎಂದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಅಡುಗೆ ಪಾತ್ರೆಯ 304 ದರ್ಜೆ ಕಡಲತೀರದಲ್ಲಿ ಕಂದು ಕಲೆ ಹಿಡಿಯುತ್ತದೆ; ಮಾಲಿಬ್ಡಿನಂ ಸೇರಿದ 316 ಹೆಚ್ಚು ತಾಳುತ್ತದೆ. ಪ್ಲಾಸ್ಟಿಕ್ ಹಿಡಿಗಳಿಗೆ ಉಪ್ಪಿನ ಭಯವಿಲ್ಲ, ಬಿಸಿಲಿನ ಭಯವಿದೆ. ವರ್ಷಗಟ್ಟಲೆ ಬಯಲಲ್ಲಿ ನಿಂತ ವಾಹನದ ಎಬಿಎಸ್ ಹಿಡಿ ಮೊದಲು ಬಣ್ಣ ಮಾಸಿ, ಆಮೇಲೆ ಬೆಳ್ಳಗೆ ಪುಡಿಯೇಳಿ, ಕೊನೆಗೆ ಬೆರಳ ಒತ್ತಡಕ್ಕೆ ಚಿಟಿಲ್ಲೆಂದು ಒಡೆಯುತ್ತದೆ.

ನೆರೆಯ ವಿಷಯ ಬೇರೆಯೇ ಹೇಳಬೇಕು. 2015ರ ಡಿಸೆಂಬರ್ ಮೊದಲ ವಾರ ಅಡ್ಯಾರ್ ನದಿ ಉಕ್ಕಿ ಗಿಂಡಿ, ಎಕ್ಕಾಟ್ಟುತ್ತಾಂಗಲ್‌ನ ಕಾರ್ಖಾನೆ ಶೆಡ್ಡುಗಳಿಗೆ ನೀರು ನುಗ್ಗಿತ್ತು; 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ನಗರದ ಈ ಭಾಗ ಮುಳುಗಿತು. ಡಿಕ್ಕಿ ಇರುವುದೇ ಚಕ್ರದ ಮಟ್ಟದಲ್ಲಾದ್ದರಿಂದ ಮೊಣಕಾಲುದ್ದ ನೀರೂ ಅದರೊಳಗೆ ಹೋಗುತ್ತದೆ. ನೀರು ಇಳಿದ ಮೇಲೆ ಲಾಕಿನೊಳಗೆ ಉಳಿಯುವ ಸಣ್ಣ ಕೆಸರು ಒಣಗಿ ಗಾರೆಯಾಗುತ್ತದೆ. ಒಣಗುವ ಮೊದಲೇ ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಗಾಳಿ ಹೊಡೆದು, ಆಮೇಲೆ ಗ್ರೀಸು ಹಾಕಬೇಕು. ಕೆಸರಿನ ಮೇಲೆಯೇ ಎಣ್ಣೆ ಸುರಿಯುವುದು ಕೆಟ್ಟ ರೂಢಿ.

ದುರಸ್ತಿ

ಮೊದಲ ಪರೀಕ್ಷೆಗೆ ಬೇಕಾದದ್ದು ಒಂದು ತುಂಡು ಸೀಮೆಸುಣ್ಣ, ಒಂದು ಹಾಳೆ ಕಾಗದ. ಬೀಡಿಂಗ್ ಸುತ್ತಲೂ ಸೀಮೆಸುಣ್ಣ ಉಜ್ಜಿ ಬಾಗಿಲನ್ನು ಒಮ್ಮೆ ಮುಚ್ಚಿ ತೆರೆಯಿರಿ. ಚೌಕಟ್ಟಿನ ಮೇಲೆ ಬಿಳಿ ಗೆರೆ ನಾಲ್ಕೂ ಕಡೆ ಒಂದೇ ಸಮ ಬಿದ್ದಿದ್ದರೆ ಬಾಗಿಲು ನೆಟ್ಟಗಿದೆ. ಒಂದು ಮೂಲೆಯಲ್ಲಿ ಗೆರೆ ಇಲ್ಲದಿದ್ದರೆ ಮಳೆ ಬರುವುದು ಅಲ್ಲಿಂದಲೇ. ಕಾಗದದ ಪಟ್ಟಿಯನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡಿದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದು ಕೈಗೇ ತಿಳಿಯುತ್ತದೆ. ರಬ್ಬರ್ ಸಾಮಾನ್ಯವಾಗಿ ತನ್ನ ದಪ್ಪದ ಮೂರರಲ್ಲೊಂದು ಭಾಗದಷ್ಟು ಒತ್ತಿದರೆ ಸಾಕು. ಚಪ್ಪಟೆಯಾಗಿ ಸತ್ತ ರಬ್ಬರನ್ನು ಬಿಗಿಯಾದ ಚಿಲಕದಿಂದ ಸರಿದೂಗಿಸಲು ಹೋಗಬಾರದು.

ಬಾಗಿಲು ನೆಟ್ಟಗಿದ್ದೂ ಲಾಕ್ ಸರಿಯಾಗಿ ಬೀಳದಿದ್ದರೆ ಸ್ಟ್ರೈಕರಿನ ಕಡೆ ನೋಡಿ. ಅದರ ತೂತುಗಳು ಉದ್ದಕ್ಕಿದ್ದರೆ ನಟ್ಟು ಸಡಿಲಿಸಿ ಒಂದೆರಡು ಮಿಲಿಮೀಟರ್ ಸರಿಸಬಹುದು. ಇಲ್ಲದಿದ್ದರೆ ಹಿಂದೆ ತೆಳುವಾದ ವಾಷರು ಇಟ್ಟು ಮುಂದಕ್ಕೆ ತರಬಹುದು. ಒಂದು ವಾಷರು, ಒಂದು ಸಲ ಪರೀಕ್ಷೆ. ಹೀಗೆ ಹೋದರೇ ಒಳ್ಳೆಯದು. ಸರಳು ಬಾಗಿದ್ದರೆ ನೆಟ್ಟಗೆ ಮಾಡಬಹುದು. ಸ್ಪ್ರಿಂಗ್ ಮುರಿದಿದ್ದರೆ ಅದೇ ತಂತಿಯ ದಪ್ಪ, ಅದೇ ಸುತ್ತುಗಳ ಇನ್ನೊಂದನ್ನು ಸುತ್ತಿಸಬಹುದು. ಗಿಂಡಿಯಂಥ ಜಾಗದಲ್ಲಿ ಇದು ದೊಡ್ಡ ಕೆಲಸವೇ ಅಲ್ಲ. ಕೊಕ್ಕೆಯ ಪಿನ್ನು ಸವೆದಿದ್ದರೆ ಲೇತಿನಲ್ಲಿ ಹೊಸದು ಕಡೆಸಿ, ತೂತನ್ನು ಅಗಲಿಸಿ ಬುಷ್ ಹಾಕಿಸಬಹುದು.

ಆಗದ ಕೆಲಸ ಒಂದಿದೆ: ಮುರಿದ ಸತುವಿನ ಎರಕಕ್ಕೆ ಬೆಸುಗೆ. ಶುದ್ಧ ಸತು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ 907 ಡಿಗ್ರಿಗೆ ಆವಿಯಾಗುತ್ತದೆ. ಸಾಮಾನ್ಯ ಆರ್ಕ್ ವೆಲ್ಡಿಂಗ್ ಶಾಖ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಲಾಕ್ ಕರಗಿ ಹೋಗುವುದಲ್ಲದೆ ಆ ಬಿಳಿ ಹೊಗೆ ಕುಡಿದ ವೆಲ್ಡರಿಗೆ ಸಂಜೆಗೆ ಚಳಿಜ್ವರ ಬರಬಹುದು. ಎಪಾಕ್ಸಿ ಅಂಟು ಹಚ್ಚಿದರೆ ಊರು ಮುಟ್ಟುವವರೆಗೆ ತಡೆದೀತು. ಹಾಗೆ ಮಾಡಿದರೂ ಹೊರಗಿನಿಂದ ಒಂದು ರ‍್ಯಾಚೆಟ್ ಪಟ್ಟಿ ಬಿಗಿಯದೆ ಹೊರಡಬಾರದು.

ಎಣ್ಣೆಯ ವಿಷಯದಲ್ಲಿ ಸಾಕಷ್ಟು ತಪ್ಪು ತಿಳಿವಳಿಕೆಯಿದೆ. ಡಬ್ಲ್ಯೂಡಿ-40 ಕಚ್ಚಿದ್ದನ್ನು ಬಿಡಿಸುತ್ತದೆ, ನೀರನ್ನು ಹೊರಹಾಕುತ್ತದೆ. ಅದರ ಮೇಲೆ ಬೇರೆ ಜಾರುಪದಾರ್ಥ ಹಾಕದಿದ್ದರೆ ಕೆಲವೇ ವಾರಗಳಲ್ಲಿ ಲಾಕ್ ಮತ್ತೆ ಬಿಗಿಯಾಗುತ್ತದೆ. ಕೀಲಿಯ ತೂತಿಗೆ ಗ್ರಾಫೈಟ್ ಪುಡಿ. ಕೊಕ್ಕೆ, ಸ್ಟ್ರೈಕರಿಗೆ ಸ್ವಲ್ಪ ಗ್ರೀಸು. ತೆಂಗಿನೆಣ್ಣೆ ಬೇಡ, ಧೂಳು ಹಿಡಿದು ಅಂಟಾಗುತ್ತದೆ.

ಕೀಲಿಯೇ ತಿರುಗದೆ ಬಾಗಿಲು ತೆರೆಯದಿದ್ದರೆ ಮೀಟುಗೋಲು ಹಾಕಬೇಡಿ. ಬಾಗಿಲಿನ ಅಂಚು ಸೊಟ್ಟಗಾದರೆ ಮುಂದೆ ಟಿಂಕರಿಂಗ್ ಖರ್ಚು ಲಾಕಿನ ಹತ್ತು ಪಟ್ಟಾಗುತ್ತದೆ. ಮೊದಲು ಪಕ್ಕದ ಖಾನೆಯಿಂದಲೋ ಒಳಗಿನ ಮಂಚದ ಹಲಗೆ ಎತ್ತಿಯೋ ಕೈ ಹೋಗುತ್ತದೆಯೇ ನೋಡಿ. ಇಲ್ಲವಾದರೆ ಹಿಂಜಿನ ರಿವೆಟ್‌ಗಳ ತಲೆ ಕೊರೆದು ಬಾಗಿಲನ್ನು ಇನ್ನೊಂದು ಬದಿಯಿಂದ ಬಿಡಿಸಬಹುದು. ಲಾಕಿನ ಕೀಲಿ ಸಿಲಿಂಡರನ್ನೇ ಕೊರೆಯುವುದು ಕೊನೆಯ ದಾರಿ. ಒಳಗೆ ಗ್ಯಾಸ್ ಇದ್ದರೆ ಕೊರೆಯುವ ಎರಡೂ ದಾರಿಗಳನ್ನು ಬಿಡಿ, ಡ್ರಿಲ್ಲಿನ ಕಿಡಿ ಸಾಕು.

ಬದಲಾವಣೆ

ಹೊಸ ಲಾಕ್ ಹುಡುಕುವ ಮುನ್ನ ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಮೊಬೈಲಿನ ಫೋಟೋ ಸಾಲದು. ಬೇಕಾದ ಅಳತೆಗಳು ಇವು: ಬಾಗಿಲಿನಲ್ಲಿ ಕತ್ತರಿಸಿರುವ ಕಿಂಡಿಯ ಉದ್ದಗಲ, ಬಾಗಿಲಿನ ದಪ್ಪ, ಲಾಕಿನ ಮುಖದಿಂದ ನಾಲಿಗೆಯವರೆಗಿನ ಆಳ, ತೂತುಗಳ ನಡುವಿನ ಅಂತರ, ನಾಲಿಗೆ ಎಡಕ್ಕೋ ಬಲಕ್ಕೋ ಎಂಬುದು. ಇವುಗಳಲ್ಲಿ ಜನ ಮರೆಯುವುದು ಆಳವನ್ನು. ಹೊರಗಿನ ತಟ್ಟೆ ಅಚ್ಚುಕಟ್ಟಾಗಿ ಕೂತು, ನಾಲಿಗೆ ಮಾತ್ರ ಸ್ಟ್ರೈಕರಿಗಿಂತ ಐದು ಮಿ.ಮೀ. ಹಿಂದೆ ಬಿದ್ದರೆ ಆ ಲಾಕ್ ನಿಷ್ಪ್ರಯೋಜಕ.

ಚೆನ್ನೈನಲ್ಲಿ ವಾಹನದ ಹೊಸ ಬಿಡಿಭಾಗಗಳಿಗೆ ಮೌಂಟ್ ರೋಡಿನ ಜನರಲ್ ಪ್ಯಾಟರ್ಸ್ ರಸ್ತೆ, ಹಳೆಯವಕ್ಕೆ ಪುದುಪೇಟೆ ಹೆಸರುವಾಸಿ. ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ, ಕಲಾಸಿಪಾಳ್ಯ ಇದ್ದಂತೆ. ಭಾರತದ ಬಸ್ ಬಾಡಿಗೆ ಬಳಸುವ ಲಾಕುಗಳು ಇಂಥ ಕಡೆ ಸಿಗುತ್ತವೆ. ವಿದೇಶಿ ಮಾದರಿ ಸಿಗದಿದ್ದಾಗ ಎರಡು ದಾರಿ. ಒಂದು, ಅಗಲವಾದ ತಟ್ಟೆಯ ಬಸ್ ಲಾಕ್ ಆರಿಸಿ, ಹಳೆಯ ಕಿಂಡಿಯನ್ನು ಅದಕ್ಕೆ ತಕ್ಕಂತೆ ದೊಡ್ಡದು ಮಾಡುವುದು. ಕಿಂಡಿ ಆಗಲೇ ದೊಡ್ಡದಾಗಿದ್ದರೆ ಎರಡು ಮಿ.ಮೀ. ಅಲ್ಯುಮಿನಿಯಂ ತಗಡಿನಲ್ಲಿ ಚೌಕಟ್ಟು ಕತ್ತರಿಸಿ ನಡುವೆ ಕೂರಿಸುವುದು. ಇನ್ನೊಂದು, ಹಳೆಯ ಲಾಕಿನ ಮುರಿದ ಭಾಗವನ್ನಷ್ಟೇ ಉಕ್ಕಿನಲ್ಲೋ ಹಿತ್ತಾಳೆಯಲ್ಲೋ ಹೊಸದಾಗಿ ಮಾಡಿಸುವುದು. ಒಂದೇ ಒಂದು ತುಂಡಿಗಾಗಿ ಎರಕದ ಅಚ್ಚು ಮಾಡಿಸುವುದು ದುಬಾರಿ. ಗಟ್ಟಿ ಲೋಹದಿಂದ ಮಿಲ್ಲಿಂಗ್ ಮಾಡಿ ಕೊರೆದು ತೆಗೆಯುವುದು ಅಗ್ಗ. ಹೀಗೆ ಮಾಡಿಸಿದ ತುಂಡು ಮೂಲ ಎರಕಕ್ಕಿಂತ ಗಟ್ಟಿಯಾಗಿರುತ್ತದೆ. ಗಿಂಡಿಯಂಥ ಜಾಗ ಹತ್ತಿರವಿದ್ದವರು ಈ ಎರಡನೆಯ ದಾರಿಯನ್ನು ಮೊದಲು ವಿಚಾರಿಸುವುದೇ ಮೇಲು.

ಕೂರಿಸುವಾಗ ಹಳೆಯ ಪಾಪ್ ರಿವೆಟ್‌ಗಳನ್ನು ಕೊರೆದು ತೆಗೆದು, ಹೊಸ 4.8 ಮಿ.ಮೀ. ರಿವೆಟ್‌ಗೆ 4.9 ಮಿ.ಮೀ. ತೂತು ಕೊರೆಯುವುದು ಕ್ರಮ. ತೂತು ಸಡಿಲವಾಗಿದ್ದರೆ ರಿವೆಟ್ ಬಿಟ್ಟು, ಒಳಬದಿಗೆ ಅಗಲ ವಾಷರು ಕೊಟ್ಟು ನಟ್ಟು ಬೋಲ್ಟು ಹಾಕುವುದು ಲೇಸು. ಕಿಂಡಿಯ ಕತ್ತರಿಸಿದ ಅಂಚಿನಲ್ಲಿ ಮರವೋ ಫೋಮೋ ಬರಿಮೈಯಲ್ಲಿ ಕಾಣುತ್ತಿರುತ್ತದೆ. ಅದಕ್ಕೆ ಎಪಾಕ್ಸಿ ಅಥವಾ ಬಣ್ಣ ಬಳಿದು ಒಣಗಿಸದೆ ಲಾಕ್ ಕೂರಿಸಬಾರದು. ತಟ್ಟೆಯ ಹಿಂದೆ ಬ್ಯೂಟೈಲ್ ಟೇಪು ಸುತ್ತಿದರೆ ನೀರು ಇಳಿಯುವುದಿಲ್ಲ. ಸಿಲಿಕೋನ್ ಕೂಡ ನಡೆಯುತ್ತದೆ, ಮುಂದೆ ಬಿಚ್ಚುವಾಗ ಕಿರಿಕಿರಿ. ಎಲ್ಲ ಮುಗಿದ ಮೇಲೆ ಬಾಗಿಲು ತೆರೆದಿರುವಾಗಲೇ ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಮುಚ್ಚಿ, ಹಿಡಿಯಿಂದ ಬಿಡಿಸಿ ನೋಡಬೇಕು. ಇದನ್ನು ಮಾಡದೆ ನೇರವಾಗಿ ಬಾಗಿಲು ಬಡಿದು, ಹೊಸ ಲಾಕ್ ಒಳಗೇ ಕಚ್ಚಿಕೊಂಡು ಪೇಚಿಗೆ ಸಿಕ್ಕವರುಂಟು.

ಲಾಕ್ ಬದಲಿಸಲು ಆರ್‌ಟಿಒ ಅನುಮತಿ ಬೇಕೇ ಎಂದು ಕೆಲವರು ಕೇಳುತ್ತಾರೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ನೋಂದಣಿ ಪತ್ರದ ವಿವರಗಳು ಬದಲಾಗುವಂಥ ಮಾರ್ಪಾಡುಗಳ ಬಗ್ಗೆ ಹೇಳುತ್ತದೆ. ಚಿಲಕ ಆ ಪಟ್ಟಿಗೆ ಬರುವುದಿಲ್ಲ. ಬಾಡಿಯಲ್ಲಿ ಹೊಸ ಖಾನೆಯನ್ನೇ ಕತ್ತರಿಸುವುದಾದರೆ ಕೇಳಿ ಮಾಡುವುದು ಕ್ಷೇಮ.

ಕೀಲಿ ಮತ್ತು ಗ್ಯಾಸ್ ಖಾನೆ

ಅಮೆರಿಕದ ಮೋಟರ್‌ಹೋಮ್‌ಗಳಲ್ಲಿ ದಶಕಗಳಿಂದ ಒಂದು ತಮಾಷೆ ನಡೆದಿದೆ. ಅಲ್ಲಿನ ಅಸಂಖ್ಯ ವಾಹನಗಳ ಡಿಕ್ಕಿಗಳಿಗೆ ಸಿಎಚ್751 ಎಂಬ ಒಂದೇ ಸಂಖ್ಯೆಯ ಕೀಲಿ. ಒಬ್ಬರ ಕೀಲಿ ನೆರೆಯವರ ಡಿಕ್ಕಿಯನ್ನೂ ತೆರೆಯುತ್ತದೆ. ಅಂಗಡಿಯಲ್ಲಿ ಯಾರಿಗೂ ಸಿಗುತ್ತದೆ. ಕಾರ್ಖಾನೆಗೆ ಅನುಕೂಲ, ಕಳ್ಳನಿಗೂ ಅನುಕೂಲ. ನಮ್ಮ ಬಸ್ಸುಗಳ ಚೌಕ ಕೀಲಿಯದೂ ಇದೇ ಹಣೆಬರಹ. ಬೆಲೆಬಾಳುವ ಸಾಮಾನಿಡುವ ಖಾನೆಗೆ ಬೇರೆ ಕೀಲಿ ಸಿಲಿಂಡರು ಹಾಕಿಸಿ, ಅಂಥ ಎಲ್ಲ ಖಾನೆಗಳಿಗೂ ಒಂದೇ ಕೀಲಿ ಬರುವಂತೆ ಜೋಡಿಯಾಗಿ ಕೊಳ್ಳುವುದು ಒಳ್ಳೆಯದು. ಬೀಗಕ್ಕೆ ತಮಿಳುನಾಡಿನಲ್ಲಿ ದಿಂಡಿಗಲ್ ಊರೇ ಪ್ರಸಿದ್ಧ. ಅಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆಯೂ ಸಿಕ್ಕಿತು. ಆ ಭಾರದ ಕೈಕೆಲಸದ ಬೀಗ ಗೋದಾಮಿನ ಬಾಗಿಲಿಗೆ ಸರಿ, ಡಿಕ್ಕಿಯ ತೆಳು ತಗಡಿಗೆ ತೂಗುಹಾಕಿದರೆ ದಾರಿಯುದ್ದಕ್ಕೂ ಬಡಿದು ಬಣ್ಣ ಕೀಳುತ್ತದೆ.

ಗ್ಯಾಸ್ ಸಿಲಿಂಡರ್ ಇರುವ ಖಾನೆಗೆ ಈವರೆಗಿನ ಸಲಹೆಗಳಲ್ಲಿ ಕೆಲವು ಅನ್ವಯಿಸುವುದಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ತಂಗುತ್ತದೆ. ಅದಕ್ಕೇ ಆ ಖಾನೆಯ ತಳದಲ್ಲಿ ಹೊರಗೆ ತೆರೆದ ಗಾಳಿಕಿಂಡಿ ಇರಲೇಬೇಕು, ವಾಸದ ಕಡೆಗೆ ಮಾತ್ರ ಸಂದಿಲ್ಲದಂತೆ ಮುಚ್ಚಿರಬೇಕು. ಹೊಸ ಬೀಡಿಂಗ್, ಬಿಗಿ ಲಾಕ್ ಹಾಕಿಸುವ ಉಮೇದಿನಲ್ಲಿ ಆ ಕಿಂಡಿಗೂ ಟೇಪು ಅಂಟಿಸುವವರಿದ್ದಾರೆ. ಧೂಳು ಬರುತ್ತದೆಂಬುದು ಅವರ ನೆಪ. ಅಲ್ಲಿ ಧೂಳು ಬರಲಿ. ಈ ಖಾನೆಯ ಬಾಗಿಲು ಆಪತ್ತಿನಲ್ಲಿ ಯಾರಾದರೂ ಕೂಡಲೇ ತೆರೆಯುವಂತಿರಬೇಕು, ಆದ್ದರಿಂದ ಕೀಲಿ ಬೇಡದ, ಹೊರಗಿನಿಂದ ಒಂದೇ ಎಳೆತಕ್ಕೆ ಬಿಡುವ ಪ್ಯಾಡಲ್ ಲಾಕ್ ಇಲ್ಲಿಗೆ ತಕ್ಕದ್ದು.

ಯಾವ ಖಾನೆಯೇ ಆಗಲಿ, ಹಿಂಜು ಬಾಗಿಲಿನ ಯಾವ ಬದಿಗಿದೆ ಎಂಬುದನ್ನೂ ನೋಡಿಕೊಳ್ಳಿ. ವಾಹನದ ಮುಂಭಾಗದ ಕಡೆಗೆ ಹಿಂಜು ಇದ್ದರೆ, ಲಾಕ್ ಬಿಟ್ಟರೂ ಎದುರುಗಾಳಿ ಬಾಗಿಲನ್ನು ಮುಚ್ಚುವ ಕಡೆಗೇ ತಳ್ಳುತ್ತದೆ. ಹಿಂಭಾಗಕ್ಕಿದ್ದರೆ ಅದೇ ಗಾಳಿ ಬಾಗಿಲನ್ನು ಕಿತ್ತು ಹಿಂದಕ್ಕೆ ಬಡಿಯುತ್ತದೆ. ಮೇಲೆ ಹಿಂಜಿರುವ ಫ್ಲಾಪ್ ತನ್ನ ತೂಕಕ್ಕೇ ಮುಚ್ಚಿಕೊಂಡಿರುತ್ತದೆ, ಗ್ಯಾಸ್ ಶಾಕ್ ಅದನ್ನು ಎತ್ತದಿರುವವರೆಗೆ. ಹಿಂಭಾಗದ ಹಿಂಜಿನ ಬಾಗಿಲಿಗೆ ಒಂದರ ಬದಲು ಎರಡು ಲಾಕ್ ಹಾಕಿಸಿ, ರಸ್ತೆಯ ಕಡೆಗಿರುವ ಬಲಮಗ್ಗುಲಿನ ಬಾಗಿಲಿಗಂತೂ ತಪ್ಪದೆ.

ಹೊಸ ಲಾಕ್ ಕೊಳ್ಳುವಾಗ ಒಂದರ ಜೊತೆ ಇನ್ನೊಂದನ್ನೂ ಕೊಂಡಿಡಿ. ಮುಂದಿನ ವರ್ಷ ಅದೇ ಮಾದರಿ ಅಂಗಡಿಯಲ್ಲಿ ಇರುತ್ತದೆಂಬ ಭರವಸೆಯಿಲ್ಲ. ಕೂರಿಸಿದ ದಿನವೇ ಕಿಂಡಿಯ ಅಳತೆ, ಆಳ, ರಿವೆಟ್‌ನ ಗಾತ್ರ, ಕೀಲಿಯ ಸಂಖ್ಯೆಯನ್ನು ಬಾಗಿಲಿನ ಒಳಮೈಯಲ್ಲಿ ಅಳಿಯದ ಮಾರ್ಕರಿನಿಂದ ಬರೆದಿಡಿ. ಕೀಲಿಯ ಸಂಖ್ಯೆಯನ್ನು ಮಾತ್ರ ಬೇರೆ ಕಡೆ ಬರೆದುಕೊಂಡರೂ ಆದೀತು.